ಇನ್ನೂರಾರು ಯಾರಿಗೂ ಬೇಡ

ನಂಜನಗೂಡಿನ ಪಕ್ಕದ ತಾಂಡ್ಯದ ಪಶು ಆಹಾರ ಕಾರ್ಖಾನೆಯಲ್ಲಿ ಪುಟ್ಟಲಕ್ಷ್ಮಿ ಹದಿನಾಲ್ಕು ವರ್ಷದಿಂದ ಟೆಲಿಫೋನ್ ಆಪರೇಟರ್. ಯಾರ ಮೇಜಿಗೆ ಯಾವ ಎಕ್ಸ್‌ಟೆನ್ಷನ್ ಎಂಬುದು ಅವಳಿಗೆ ಬಾಯಿಪಾಠ. 2003ರಲ್ಲಿ ಮಾಲೀಕ ಅಮೃತೇಶ್, ಟಿ. ನರಸೀಪುರದ ಡಿಪೋದ ಫೋನುಗಳನ್ನೂ ಇಲ್ಲಿಯ ಫೋನುಗಳ ಜತೆ ಜೋಡಿಸಲು ಹೊರಟರು. ನಡುವೆ ನಾಲ್ಕು ಸ್ವಂತ ಲೈನು; ಮೂರು ಅಂಕಿ ಒತ್ತಿದರೆ ಆ ಊರಿನ ಮೇಜಿನಲ್ಲಿ ಗಂಟೆ ಬಾರಿಸಬೇಕು.

ತೊಡಕೆಂದರೆ, ಎರಡೂ ಕಡೆ ನಂಬರುಗಳು 201ರಿಂದಲೇ ಶುರುವಾಗಿದ್ದವು. ಮೈಸೂರಿನಿಂದ ಬಂದ ಎಂಜಿನಿಯರ್ ಚಿರಂತನ ಒಂದೇ ಹಾಳೆಯಲ್ಲಿ ಪರಿಹಾರ ಬರೆದುಕೊಟ್ಟ. ತಾಂಡ್ಯದ ನಂಬರೆಲ್ಲ ಎರಡರಿಂದ ಶುರು, ನರಸೀಪುರದ್ದೆಲ್ಲ ಮೂರರಿಂದ. ಮೊದಲ ಅಂಕಿಯಲ್ಲೇ ಕರೆ ಯಾವ ಊರಿನದೆಂದು ಯಂತ್ರಕ್ಕೆ ತಿಳಿದುಹೋಗುತ್ತದೆ.

ಮೀಟಿಂಗಿನಲ್ಲಿ ಡಿಪೋ ಮ್ಯಾನೇಜರ್ ಮಾದಯ್ಯ ಎದ್ದು ನಿಂತರು. "ಏನ್ ಸಾ, ಇವ್ರು ಎರಡು, ನಾವು ಮೂರಾ? ನಮ್ ಡಿಪೋ ಏನ್ ಥರ್ಡ್ ಕ್ಲಾಸಾ?"

"ಅದು ಬರೀ ನಂಬರ್ ಸಾರ್," ಎಂದ ಚಿರಂತನ.

"ಬರೀ ನಂಬರ್ ಆದ್ರೆ ಎರಡು ನಮಗೆ ಕೊಡಿ, ಮೂರು ಅವ್ರು ಮಡಿಕಳ್ಲಿ."

ತಾಂಡ್ಯದವರು ಒಪ್ಪುವರೆ? ಅಕೌಂಟ್ಸಿನವರಿಗೆ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾದ ನಂಬರೇ ಬೇಕು. ಪರ್ಚೇಸಿನವರಿಗೆ ಮಾಲೀಕರ ನಂಬರಿನ ಪಕ್ಕದ್ದೇ ಬೇಕು. ಕೊನೆಗೆ ಅಮೃತೇಶ್ ತೀರ್ಪು ಕೊಟ್ಟರು: ಇನ್ನೂರರ ಸಾಲಿನಲ್ಲೇ ಎರಡೂ ಊರಿನವರು ಬೇಕಾದ್ದನ್ನು ಆರಿಸಿಕೊಳ್ಳಲಿ, ಅಂಕಿಗಳನ್ನು ಕೂಡಿದರೆ ಎಂಟು ಬರುವ ನಂಬರು ಮಾತ್ರ ಬೇಡ, ಎಂಟು ಶನಿಯ ಸಂಖ್ಯೆ. ಹೀಗೆ ಲಾರಿ ತೂಗುವ ವೇಬ್ರಿಡ್ಜಿನ ಹಳೆಯ 206 ಹೋಗಿ 261 ಬಂತು. 206 ಯಾರ ಪಾಲಿಗೂ ಇಲ್ಲದಾಯಿತು.

ನಂಬರುಗಳು ಎರಡೂ ಊರಲ್ಲಿ ಚೆಲ್ಲಾಪಿಲ್ಲಿಯಾದ್ದರಿಂದ ಚಿರಂತನ ಬೇಸತ್ತು ಎರಡೂ ಯಂತ್ರಗಳಿಗೆ ಒಂದೇ ಮಾತು ಹೇಳಿಹೋದ: ನಿನ್ನಲ್ಲಿಲ್ಲದ ನಂಬರು ಬಂದರೆ ಆ ಕಡೆಗೆ ಕಳಿಸು.

ಮಾರನೆಯ ವಾರದಿಂದಲೇ, ಹನ್ನೊಂದು ಗಂಟೆಗೆ ಲಾರಿಗಳು ತೂಕಕ್ಕೆ ನಿಲ್ಲುವ ಹೊತ್ತಿಗೆ, ನಾಲ್ಕೂ ಲೈನು ಬಿಜಿ. ಮಾದಯ್ಯ ತಮ್ಮ ಕಂಪನಿಗೇ ಫೋನು ಮಾಡಲು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಸರದಿ ನಿಲ್ಲಬೇಕಾಯಿತು. ಒಂದು ದಿನ ಬೆವರು ಒರೆಸಿಕೊಳ್ಳುತ್ತ ಪುಟ್ಟಲಕ್ಷ್ಮಿಯ ಎದುರೇ ಬಂದು ನಿಂತರು.

"ಇಂಡಿ ಲೋಡ್ ಯಾವಾಗ್ ಕಳಿಸ್ತೀರಿ ಲಕ್ಷ್ಮಮ್ನೋರೆ?"

"ಅದನ್ ಕೇಳೋಕೆ ಇಷ್ಟ್ ದೂರ ಬಂದ್ರಾ ಸಾರ್?"

"ಫೋನ್ ಬಿಜಿ ಇತ್ತು ಕಣವ್ವ, ಬಸ್ಸು ಖಾಲಿ ಇತ್ತು. ಬಂದ್ಬುಟ್ಟೆ."

ನಗು ಬಂದರೂ ಅವಳಿಗೆ ಒಳಗೊಳಗೆ ಅವಮಾನವಾಯಿತು. ಮರುದಿನ ಬೋರ್ಡಿನ ಮೇಲೇ ಕಣ್ಣಿಟ್ಟಳು. ಒಂದು ಲೈನಿನ ದೀಪ ಹತ್ತಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನೆಯದು, ಮೂರನೆಯದು, ನಾಲ್ಕನೆಯದು. ಆಗಲೇ ಎದುರಿನ ಗೋಡೌನಿನಲ್ಲಿ ವೇಬ್ರಿಡ್ಜಿಗೆಂದು ಫೋನು ಹಿಡಿದು ಕೂತಿದ್ದ ಮರಿಯಯ್ಯನನ್ನು ಕಿಟಕಿಯಿಂದಲೇ ಕೇಳಿದಳು, "ಯಾವ ನಂಬರ್ ಒತ್ತಿದ್ರಿ?"

"ಅದೇ, ಗೋಡೆ ಮೇಲ್ ಬರ್ದೈತಲ್ಲ, ಇನ್ನೂರಾರು."

ತಾಂಡ್ಯದಲ್ಲಿ 206 ಇಲ್ಲ, ನರಸೀಪುರಕ್ಕೆ ಹೋಯಿತು. ಅಲ್ಲೂ ಇಲ್ಲ, ವಾಪಸ್ಸು ಬಂತು. ಹೀಗೆ ಒಂದೇ ಕರೆ ಓಡಾಡಿ ನಾಲ್ಕೂ ಲೈನು ತುಂಬುತ್ತಿತ್ತು. ಮರಿಯಯ್ಯ ಫೋನು ಕೆಳಗಿಡುವವರೆಗೆ ಬೇರೆ ಯಾರಿಗೂ ದಾರಿಯಿಲ್ಲ.

ಚಿರಂತನನಿಗೆ ತಿಳಿಸಿದಳು. "ಮೊದಲಿನ ಪ್ಲಾನೇ ಸರಿ ಮೇಡಂ. ಆದ್ರೆ ಕೇಳೋರ್ಯಾರು?" ಎಂದ ಅವನು.

ಮಾಲೀಕರು ಯಾರ ಮಾತು ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ದಿನಕ್ಕೆರಡು ಸಲ ಅವಳೇ ಆ ಕರೆ ಜೋಡಿಸುತ್ತಿದ್ದಳಲ್ಲ. ಸಂಜೆ ನಂಜನಗೂಡಿನಲ್ಲಿ ಸಂಖ್ಯಾಶಾಸ್ತ್ರದ ದೇವಯ್ಯನವರ ಮನೆಗೆ ಹೋಗಿ ಚಿರಂತನನ ಮೊದಲಿನ ಹಾಳೆಯನ್ನು ಮುಂದಿಟ್ಟಳು.

ದೇವಯ್ಯ ಕನ್ನಡಕ ಏರಿಸಿ ನೋಡಿದರು. "ನಂಗೆ ಯಾವ ನಂಬರಾದ್ರೂ ಒಳ್ಳೇದೇ ಕಣಮ್ಮ. ಕಾರಣ ಹುಡ್ಕೋಕೆ ಐದ್ ನಿಮಿಷ ಕೊಡು."

ಐದು ನಿಮಿಷವೂ ಬೇಕಾಗಲಿಲ್ಲ. ಮರುದಿನ ಅಮೃತೇಶರು ಮೀಟಿಂಗ್ ಕರೆದು ಗಂಭೀರವಾಗಿ ಸಾರಿದರು: ನಂಜನಗೂಡಿನಲ್ಲಿ ಕಪಿಲೆ, ಕೌಂಡಿನ್ಯೆ ಎರಡು ನದಿ ಕೂಡುತ್ತವೆ, ಆದ್ದರಿಂದ ತಾಂಡ್ಯಕ್ಕೆ ಎರಡು. ನರಸೀಪುರದ್ದು ತ್ರಿವೇಣಿ ಸಂಗಮ, ಆದ್ದರಿಂದ ಮೂರು.

"ಇದು ನ್ಯಾಯ!" ಎಂದು ಮಾದಯ್ಯ ಮೇಜು ಕುಟ್ಟಿದರು. "ನಮ್ದು ಒಂದು ನದಿ ಜಾಸ್ತಿನೇ!"

ಚಿರಂತನ ತನ್ನದೇ ಹಾಳೆಯನ್ನು ಇನ್ನೊಮ್ಮೆ ಅಚ್ಚು ಹಾಕಿಸಿ ತಂದ. ಇಲ್ಲದ ನಂಬರು ಯಾರೇ ಒತ್ತಿದರೂ ಆಪರೇಟರಿಗೆ ಬರುವಂತೆ ಮಾಡಿದ. ಲೈನುಗಳು ಬಿಡುವಾದವು. ಎಂಜಿನಿಯರುಗಳ ಕೈಲಾಗದ್ದನ್ನು ಮಾಡಿದರೆಂದು ದೇವಯ್ಯನವರಿಗೆ ಕಾರ್ಖಾನೆಯಲ್ಲಿ ಸನ್ಮಾನ ನಡೆಯಿತು. ಪುಟ್ಟಲಕ್ಷ್ಮಿ ಕಾಫಿ ತಂದಾಗ ಅವರು ಹೆಗಲ ಶಾಲನ್ನು ಮುಟ್ಟಿ ಪಿಸುಗುಟ್ಟಿದರು, "ನ್ಯಾಯವಾಗಿ ಇದು ನಿಂದು ಕಣಮ್ಮ."

"ಬೇಡಿ ಸ್ವಾಮಿ, ಸೆಕೆ," ಎಂದು ಅವಳು ಬೋರ್ಡಿನ ಮುಂದೆ ಹೋಗಿ ಕೂತಳು.

ತಿಂಗಳ ನಂತರ ಕಾರ್ಖಾನೆಗೆ ಕಂಪ್ಯೂಟರುಗಳು ಬಂದವು. ಕೇಬಲ್ಲಿನ ನಕ್ಷೆ ಹಿಡಿದು ಬಂದ ಚಿರಂತನ ಈ ಸಲ ಮಾಲೀಕರ ಕೋಣೆಯ ಕಡೆ ತಿರುಗಿಯೂ ನೋಡದೆ, ದೇವಯ್ಯನವರ ಮನೆ ಯಾವ ಬೀದಿಯಲ್ಲೆಂದು ಪುಟ್ಟಲಕ್ಷ್ಮಿಯನ್ನು ಕೇಳಿದ.