ಬಂಗಾಲಿ ಕ್ಯಾಂಪಿನ ವಿಳಾಸ

ಪ್ಯಾರಿಸ್ಸಿಗೆ ಬಂದ ಹನ್ನೊಂದನೆಯ ದಿನ ಅನುಪಮಾ ದಾರಿ ತಪ್ಪಿ ಬೇರೆ ನಿಲ್ದಾಣದಲ್ಲಿ ಇಳಿದಳು. ಮೆಟ್ಟಿಲು ಹತ್ತಿ ಹೊರಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ರೈಲು ಸೇತುವೆಯ ಕೆಳಗೆ ಕಣ್ಣು ಹಾಯುವಷ್ಟು ದೂರ ಗುಡಾರಗಳು. ಒದ್ದೆ ಕಂಬಳಿ, ಉಚ್ಚೆಯ ನಾತ, ರಟ್ಟಿನ ಮೇಲೆ ಮಲಗಿಸಿದ ಎಳೆಗೂಸು. ಅದರ ಕಾಲಿಗೆ ಕಾಲುಚೀಲವಿಲ್ಲದೆ ಪ್ಲಾಸ್ಟಿಕ್ ಚೀಲ ಸುತ್ತಿದ್ದರು. ರಸ್ತೆಯ ಆಚೆಬದಿಯಲ್ಲಿ ಜನ ಕಾಫಿ ಕುಡಿಯುತ್ತ ನಗುತ್ತಿದ್ದರು.

ಮಸ್ಕಿಯ ಹುಡುಗಿ ಅವಳು, ಬಸ್ ಕಂಡಕ್ಟರ್ ಲಕ್ಷ್ಮಣನ ಮಗಳು. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಸಾರ್ವಜನಿಕ ಆರೋಗ್ಯ ಓದಲು ಬಂದಿದ್ದಳು. ಬಡತನ ಕಾಣದವಳೇನಲ್ಲ. ಆದರೆ ಈ ಊರಿನಲ್ಲೂ ಅದು ಇದ್ದೀತೆಂದು ಎಣಿಸಿರಲಿಲ್ಲ. 

ಮುಂದಿನ ವಾರದಿಂದ ಆ ಸೇತುವೆಯ ಕೆಳಗೆ ಊಟ ಹಂಚುವವರ ಜೊತೆ ಸೇರಿಕೊಂಡಳು. ಸಾಲಿನಲ್ಲಿದ್ದ ಸಣಕಲು ಮೈಯ ಒಬ್ಬ, ಕೂಸಿನ ತಾಯಿಗೊಂದು ತಟ್ಟೆ ಕೊಟ್ಟು ಬಂದು, ಆಮೇಲೆ ತನ್ನದಕ್ಕೆ ಕೈಯೊಡ್ಡಿದ. ಹರಕು ಹಿಂದಿಯಲ್ಲಿ ಕೇಳಿದ: "ಇಂಡಿಯಾದಲ್ಲಿ ಎಲ್ಲಿ?"

ಪಕ್ಕದ ಮನೆಯ ಸರ್ದಾರಬಿಯಿಂದ ಕಲಿತ ದಖನಿ ಉರ್ದುವಿನಲ್ಲೇ ಅವಳು "ಕರ್ನಾಟಕ" ಎಂದಳು.

"ಸಿಂಧನೂರು ಗೊತ್ತಾ?"

ಅನುಪಮಾ ಸೌಟು ಕೆಳಗಿಟ್ಟು ಅವನ ಮುಖ ನೋಡಿದಳು. ಅದು ಮಸ್ಕಿಯ ಪಕ್ಕದ ಊರು.

ಅವನು ಬಿಪುಲ್, ಬಾಂಗ್ಲಾದೇಶದವನು. ಮನೆಗೆ ಬೆಂಕಿ ಬಿದ್ದ ಮೇಲೆ ಊರು ಬಿಟ್ಟವನು. "ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಮಗಳಿಗೆ ನನ್ನ ಕೈಯಲ್ಲಿ ಕಾಗದ ಬರೆಸುತ್ತಿದ್ದಳು" ಎಂದವನೇ ವಿಳಾಸವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ: "ಶೆಫಾಲಿ ಮಂಡಲ್, ನಿರಾಶ್ರಿತರ ಕ್ಯಾಂಪ್, ಸಿಂಧನೂರು, ರಾಯಚೂರು ಜಿಲ್ಲೆ. ಅಪ್ಪನ ಅಕ್ಕ. ನಾನು ಹುಟ್ಟುವ ಮೊದಲೇ ಗಡಿ ದಾಟಿ ಹೋದಳಂತೆ."

ಸಿಂಧನೂರಿನ ಕಾಲೇಜಿಗೆ ಹೋಗುವಾಗ ಅನುಪಮಾ ಮೂರು ವರ್ಷ ಆ ಕ್ಯಾಂಪ್ ದಾಟಿ ಓಡಾಡಿದ್ದಳು. ಅಲ್ಲಿಯ ಹೆಂಗಸರು ಮೀನಿನ ಬುಟ್ಟಿ ಹೊತ್ತು ಬಸ್ ಹತ್ತಿದರೆ ಮೂಗಿಗೆ ದುಪಟ್ಟಾ ಒತ್ತಿಕೊಂಡು ಕಿಟಕಿಗೆ ಮುಖ ತಿರುಗಿಸುತ್ತಿದ್ದಳು. ಈಗ ಅದು ನೆನಪಾಗಿ ಮುಖಕ್ಕೆ ಹೊಡೆದಂತಾಯಿತು.

ಅಪ್ಪನಿಗೆ ಫೋನ್ ಮಾಡಿದಳು. ಎಲ್ಲ ಕೇಳಿದ ಲಕ್ಷ್ಮಣ ಹೇಳಿದ:

"ಇಪ್ಪತ್ತು ವರ್ಸದಿಂದ 'ಕ್ಯಾಂಪ್ ಇಳಿಯೋರು ಇಳೀರಿ' ಅಂತ ಒದರಾಕತ್ತೀನಿ ನೋಡವ್ವಾ. ನಾ ಒಂದಿನಾನೂ ಅಲ್ಲಿ ಇಳಿದಿಲ್ಲ."

ಭಾನುವಾರ ಬೈಕ್ ಹತ್ತಿ ಕ್ಯಾಂಪಿಗೆ ಹೋದ. ಮಧ್ಯಾಹ್ನ ಅನುಪಮಾ ಸೇತುವೆಯ ಕೆಳಗೆ ಬಿಪುಲನ ಜೊತೆ ಇದ್ದಾಗ ವಿಡಿಯೊ ಕರೆ ಬಂತು. "ಸಿಕ್ಕಾಳವ್ವಾ! ವಳಕಮದಿನ್ನಿ ಊರಾಗಿನ ಗದ್ದ್ಯಾಗ ನಾಟಿ ಮಾಡಾಕ ಬರ್ತಿದ್ಲಂತ."

ತೆರೆಯ ಮೇಲೆ ಸುಕ್ಕುಗಟ್ಟಿದ ಮುಖವೊಂದು ತೀರ ಹತ್ತಿರ ಬಂತು. ಬಿಪುಲ್ ತನ್ನ ಅಪ್ಪನ ಹೆಸರು ಹೇಳಿದ, ಆಮೇಲೆ ಅಜ್ಜಿ ತೀರಿಕೊಂಡ ವಿಷಯ ಹೇಳಿದ.  ಮುದುಕಿ ಬಂಗಾಲಿಯಲ್ಲಿ ಏನೋ ಕೇಳಿದಳು. ಬಿಪುಲ್ ಫುಟ್‌ಪಾತಿನ ಮೇಲೆ ಕುಸಿದು ಅಳತೊಡಗಿದ.

"ಏನು ಕೇಳಿದರು?" ಎಂದಳು ಅನುಪಮಾ.

"ಅವ್ವನ ಚಿತೆಗೆ ಬೆಂಕಿ ಇಟ್ಟವರು ಯಾರು ಅಂತ."

ತಾಯಿ ತೀರಿ ಇಪ್ಪತ್ತು ವರ್ಷವಾದದ್ದು ಶೆಫಾಲಿಗೆ ಗೊತ್ತೇ ಇರಲಿಲ್ಲ. ಅವಳು ಅನುಪಮಾಳ ಕಡೆ ತಿರುಗಿ, ಅಚ್ಚ ರಾಯಚೂರು ಸೀಮೆಯ ಮಾತಿನಲ್ಲಿ ಹೇಳಿದಳು: "ಕಾಗದ ನಿಂತ್ವು. ನನ್ನ ಮರ್ತಾರ ಅಂತ ಸಿಟ್ಟು ಮಾಡ್ಕೊಂಡು ನಾನೂ ಬರಸಲಿಲ್ಲ ತಾಯಿ. ನೋಡು, ಸತ್ತಾಕಿ ಮ್ಯಾಲೆ ಇಷ್ಟು ವರ್ಸ ಸಿಟ್ಟು ಇಟ್ಕೊಂಡಿದ್ನಿ." ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಅಂದಳು: "ಹುಡುಗನ್ನ ಇಲ್ಲಿಗೇ ಕಳಿಸು. ನಾವು ಬಂದಾಗ ನಮಗ ಸರ್ಕಾರ ಜಾಗ ಕೊಟ್ಟಿತ್ತು."

ಈಗ ಯಾರೂ ಕೊಡುವುದಿಲ್ಲ, ಅವನ ಹತ್ತಿರ ಪಾಸ್‌ಪೋರ್ಟೂ ಇಲ್ಲ ಎಂದು ಹೇಳುವ ಬದಲು ಅನುಪಮಾ ಶೆಫಾಲಿಯ ಫೋನ್ ನಂಬರನ್ನು ಬರೆದು ಬಿಪುಲನ ಕೈಗೆ ಕೊಟ್ಟಳು.

ಹತ್ತು ದಿನ ಬಿಟ್ಟು ಅನುಪಮಾ ಹೋದಾಗ ಸೇತುವೆಯ ಕೆಳಗೆ ಒಂದು ಗುಡಾರವೂ ಇರಲಿಲ್ಲ. ನೆಲ ತೊಳೆದು ಸುತ್ತ ತಂತಿಬೇಲಿ ಹಾಕಿದ್ದರು. ಮೊನ್ನೆ ಬೆಳಗ್ಗೆ ಪೊಲೀಸರು ಎಲ್ಲರನ್ನೂ ಬಸ್ಸು ಹತ್ತಿಸಿದರು ಎಂದಷ್ಟೇ ಕಾಫಿ ಅಂಗಡಿಯವನು ಹೇಳಿದ. ಅವಳು ಬೇಲಿ ಹಿಡಿದು ನಿಂತಳು. 

ಅಷ್ಟರಲ್ಲಿ ಅಪ್ಪನ ಫೋನ್ ಬಂತು. "ಗಾಬರಿ ಆಗಬ್ಯಾಡ. ಆ ಹುಡುಗ ತನ್ನ ಅತ್ತಿ ಶೆಫಾಲಿಗೆ ಫೋನ್ ಮಾಡ್ಯಾನ. ದೂರದ ಯಾವುದೋ ಊರಿನ ಆಸರೆಮನ್ಯಾಗ ಇಟ್ಟಾರಂತ. ಕೂಸು, ಕೂಸಿನ ತಾಯಿ ಅಲ್ಲೇ ಅದಾರಂತ."

"ಎಷ್ಟು ದಿನ ಇರಗೊಡ್ತಾರಂತ ಯಪ್ಪಾ?"

"ಅದು ಅವಗೂ ಗೊತ್ತಿಲ್ಲ." ಲಕ್ಷ್ಮಣ ಮುಂದುವರಿಸಿದ: "ನಾಳೆ ಶೆಫಾಲಿ ತನ್ನ ಅವ್ವನ ಹೆಸರಿಲೆ ಎಡಿ ಇಡ್ತಾಳಂತ. ನನ್ನ, ನಿಮ್ಮವ್ವನ್ನ ಊಟಕ್ಕ ಕರದಾಳ. ರಜಾ ಹಾಕೀನಿ."