ಇಬ್ಬರ ಅಳತೆಯ ತೂಗುಮಣೆ

ನಾನೊಂದು ತೇಗದ ತೂಗುಮಣೆ. ಕಚ್ಛದ ಮಾಂಡವಿ ಬಂದರಿನ ಬಡಗಿಯೊಬ್ಬ ನನ್ನನ್ನು ಸರಿಯಾಗಿ ಇಬ್ಬರು ಕೂರುವಷ್ಟು ಉದ್ದಕ್ಕೆ ಕೊಯ್ದು, ತೂಗುಹಾಕಲು ಹಿತ್ತಾಳೆಯ ಸರಪಳಿ ಜೊತೆ ಮಾಡಿದ. ಹೊಸದಾಗಿ ಮದುವೆಯಾಗಿದ್ದ ಗೋಕಳದಾಸ ಸೇಠರು ನನ್ನನ್ನು ಕೊಂಡರು. ಉಗಾಂಡಾದ ಜಿಂಜಾ ಪಟ್ಟಣದಲ್ಲಿ ಅವರದು ಬಟ್ಟೆ ಅಂಗಡಿ.

ಸೇಠರದು ಅತಿ ಎಚ್ಚರದ ಸ್ವಭಾವ. ಒಂದು ಹಡಗು ಮುಳುಗಿದರೂ ಇನ್ನೊಂದು ದಡ ಸೇರಲಿ ಎಂದು ಸಾಮಾನನ್ನು ಯಾವಾಗಲೂ ಎರಡು ಹಡಗಿಗೆ ಹಂಚುವುದು ಅವರ ಮನೆತನದ ರೂಢಿ. ನನ್ನನ್ನೂ ಬಿಡಲಿಲ್ಲ. ನಾನೊಂದು ಹಡಗಿನಲ್ಲಿ ಬಂದೆ, ಸರಪಳಿ ಇನ್ನೊಂದರಲ್ಲಿ. ಅದು ಬರುವವರೆಗೆ ಎರಡು ತಿಂಗಳು ಗೋಡೆಗೊರಗಿ ನಿಂತಿದ್ದೆ. ಅವರ ಹೆಂಡತಿ ಮೋಂಘಿಬೆನ್ ನನ್ನ ಧೂಳು ಒರೆಸುವಾಗಲೆಲ್ಲ ನಗುತ್ತಿದ್ದರು.

ಆಮೇಲೆ ಮೂವತ್ತು ವರ್ಷ, ಪ್ರತಿ ಮಧ್ಯಾಹ್ನ, ಎಡಕ್ಕೆ ಸೇಠರು, ಬಲಕ್ಕೆ ಆಕೆ. ಕಾಲ ಹೆಬ್ಬೆರಳಿನಿಂದ ನೆಲ ಒತ್ತಿ ಜೀಕುತ್ತಿದ್ದುದು ಆಕೆಯೇ. ಮಕ್ಕಳಾಗಲಿಲ್ಲ. ಜಗಳವಾದ ದಿನ ಮುಖ ತಿರುಗಿಸಿಕೊಂಡು ಕೂರುತ್ತಿದ್ದರೇ ಹೊರತು ಒಬ್ಬರೂ ಎದ್ದು ಹೋಗುತ್ತಿರಲಿಲ್ಲ.

ಉಗಾಂಡಾ ಸ್ವತಂತ್ರವಾದಾಗ ಸೇಠರು ಅಲ್ಲಿನ ಪ್ರಜೆಯಾದರು. ಹೆಂಡತಿಗೆ ಮಾತ್ರ ಭಾರತದ ಪಾಸ್‌ಪೋರ್ಟನ್ನೇ ಉಳಿಸಿದರು. ನಾಳೆ ಏನಾದರೂ ಆದರೆ ಒಂದು ದಾರಿಯಾದರೂ ತೆರೆದಿರಲಿ ಎಂಬ ಲೆಕ್ಕಾಚಾರ. ಇಬ್ಬರಿಗೂ ಒಂದೇ ಇರಲಿ ಎಂದು ಮೋಂಘಿಬೆನ್ ಒಮ್ಮೆ ಹೇಳಿ ಸುಮ್ಮನಾದರು.

ಹತ್ತು ವರ್ಷದ ನಂತರ, ಏಷ್ಯಾದವರೆಲ್ಲ ತೊಂಬತ್ತು ದಿನದೊಳಗೆ ಹೊರಡಬೇಕೆಂದು ಆಜ್ಞೆಯಾಯಿತು. ಸೇಠರ ಪೌರತ್ವದ ಕಾಗದ ಸರಿಯಿಲ್ಲವೆಂದು ಕಚೇರಿಯವರು ಕಿತ್ತುಕೊಂಡರು. ಅವರು ಯಾವ ದೇಶಕ್ಕೂ ಸೇರದವರಾದರು. ಅಂಥವರಿಗೆ ಯುರೋಪಿನ ಯಾವುದೋ ನಿರಾಶ್ರಿತರ ಶಿಬಿರ. ಆಕೆಗೆ ಬೊಂಬಾಯಿಯ ವಿಮಾನ.

ಕೊನೆಯ ಮಧ್ಯಾಹ್ನ ಇಬ್ಬರೂ ನನ್ನ ಮೇಲೆ ಕೂತಿದ್ದರು.

"ಸಾಮಾನು ಹಂಚಿದ ಹಾಗೆ ನಮ್ಮನ್ನೂ ಹಂಚಿಬಿಟ್ಟಿರಲ್ಲ," ಎಂದರು ಆಕೆ.

ಸೇಠರು ತಮ್ಮ ಕಡೆಯ ಸರಪಳಿ ಹಿಡಿದುಕೊಂಡರು. "ಆ ಸಲ ಸರಪಳಿ ತಡವಾಗಿ ಬಂತು ಮೋಂಘಿ. ಆದರೂ ಬಂತು ತಾನೆ?"

ನಾನೂ ಆ ಮಾತನ್ನು ನಂಬಿದೆ.

ಅವರು ಹೋದ ಮೇಲೆ ಸೈನಿಕರು ಹಿತ್ತಾಳೆಯ ಆಸೆಗೆ ಸರಪಳಿ ಬಿಚ್ಚಿಕೊಂಡು ಹೋದರು. ಮನೆಗೆಲಸದ ನಕಾಟೊ ನನ್ನನ್ನು ತಲೆಯ ಮೇಲೆ ಹೊತ್ತು ತನ್ನ ಅಂಗಳಕ್ಕೆ ತಂದಳು. ಇಟ್ಟಿಗೆಗಳ ಮೇಲೆ ಇಟ್ಟಳು. ಅಲ್ಲಿಂದ ನಾನು ಬೆಂಚು.

ಇಪ್ಪತ್ತು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಕೋಲೂರಿಕೊಂಡು ಮೋಂಘಿಬೆನ್ ಬಂದರು, ಒಬ್ಬರೇ. ಸೇಠರನ್ನು ಕರೆಸಿಕೊಳ್ಳಲು ತಾನು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾಗಲೇ, ಎರಡನೆಯ ಚಳಿಗಾಲದಲ್ಲಿ ಅವರು ಶಿಬಿರದಲ್ಲಿ ತೀರಿಕೊಂಡರೆಂದು ನಕಾಟೊಗೆ ಹೇಳಿದರು. ಮುಖ ನೋಡುವುದೂ ಆಗಲಿಲ್ಲವಂತೆ.

ಆಮೇಲೆ ನನ್ನ ಬಲತುದಿಯಲ್ಲಿ ಕೂತರು. ಪಕ್ಕದಲ್ಲಿ ಕೂರಲು ಬಂದ ನಕಾಟೊ, ಎಡಗಡೆ ಸೇಠರ ಜಾಗದಲ್ಲಿ ಆಕೆ ಊರಿದ್ದ ಅಂಗೈ ಕಂಡು ನಿಂತೇ ಉಳಿದಳು.

ಮೋಂಘಿಬೆನ್ ಚಪ್ಪಲಿ ಕಳಚಿ, ಹಳೆಯ ಅಭ್ಯಾಸದಂತೆ ಹೆಬ್ಬೆರಳಿನಿಂದ ನೆಲ ಒತ್ತಿದರು. ಇಟ್ಟಿಗೆಯ ಮೇಲಿದ್ದ ನಾನು ಅಲುಗಲಿಲ್ಲ. ಆಕೆ ಇನ್ನೊಮ್ಮೆ ಒತ್ತಿದರು.