ನೀಲಿ ಡ್ರಮ್ಮಿನ ಮೀನು

ಬಣ್ಣದ ಕಾರ್ಖಾನೆಯ ಮ್ಯಾನೇಜರು ಮೀನು ಕೇಳಿಕೊಂಡು ನಮ್ಮ ಮನೆಗೇ ಬಂದರು. ನಮ್ಮವರು ತೀರಿಕೊಂಡಾಗ ಈ ಕಡೆ ತಲೆ ಹಾಕಲು ಪುರಸೊತ್ತಿರಲಿಲ್ಲ, ಮೀನಿಗಾದರೆ ಪುರಸೊತ್ತಾಯಿತು. ಹೊಸ ಶುದ್ಧೀಕರಣ ಘಟಕ ನಾಳೆ ಶುರುವಾಗುತ್ತದೆ, ತೊಟ್ಟಿಗೆ ಮೊದಲ ಮೀನನ್ನು ನೀವೇ ಬಿಡಬೇಕು ಎಂದರು. ಮಾತೆಲ್ಲ ನನ್ನ ಜೊತೆ, ಕಣ್ಣು ಮಾತ್ರ ಹಿತ್ತಿಲಿನ ನೀಲಿ ಡ್ರಮ್ಮಿನ ಮೇಲೆ.

ಬಟ್ಟೆಗೆ ಬಣ್ಣ ಹಾಕಿ ಉಳಿದ ನೀರು ಶುದ್ಧವಾಗಿಯೇ ಹೊರಗೆ ಹೋಗುತ್ತದೆ ಎಂದು ತೋರಿಸಲು ಕೊನೆಯ ತೊಟ್ಟಿಯಲ್ಲಿ ಮೀನು ಈಜುತ್ತಿರಬೇಕಿತ್ತು. ಆ ನೀರಿನಲ್ಲಿ ಮೀನು ಬದುಕುವುದುಂಟೇ? ತಪಾಸಣೆಯ ದಿನ ಕೊಳಕು ನೀರು ನಿಲ್ಲಿಸಿ, ನಲ್ಲಿ ನೀರು ತುಂಬಿ, ಕೊಂಡುತಂದ ಮೀನು ಬಿಡುವುದು ನಮ್ಮವರ ಕೆಲಸ. ಅಧಿಕಾರಿಯ ಜೀಪು ಗೇಟು ದಾಟಿ ಹೋದೊಡನೆ ಇನ್ನೊಬ್ಬ ವಾಲ್ವ್ ತಿರುಗಿಸಿ ಕೊಳಕು ನೀರು ಬಿಡುತ್ತಿದ್ದ. ಮಾಡುತ್ತಿದ್ದುದು ಕಣ್ಣಿಗೆ ಮಣ್ಣೆರಚುವ ಕೆಲಸವಾದರೂ ನಮ್ಮವರದು ಹೆಂಗರುಳು. ಅಧಿಕಾರಿ ಒಳಗೆ ಚಹಾ ಕುಡಿಯುವಷ್ಟರಲ್ಲಿ ತೊಟ್ಟಿಗಿಳಿದು, ಮೀನುಗಳನ್ನು ಬಕೆಟ್ಟಿಗೆ ಹಿಡಿದು ಮನೆಗೆ ತಂದು ಆ ಡ್ರಮ್ಮಿಗೆ ಬಿಡುತ್ತಿದ್ದರು.

"ಸುಳ್ಳು ಹೇಳೋರು ನಾವು. ಅವು ಯಾಕೆ ಸಾಯ್ಬೇಕು?" ಎನ್ನುತ್ತಿದ್ದರು.

ಬಕೆಟ್ಟಿನಲ್ಲಿ ಸವತಿಯರನ್ನು ಹೊತ್ತು ತರುತ್ತೀರಲ್ಲ ಎಂದು ನಾನು ರೇಗಿಸುತ್ತಿದ್ದೆ.

ಆ ದಿನ ಅಧಿಕಾರಿ ಚಹಾ ಬೇಡವೆಂದು ಹೊರಟುಬಿಟ್ಟ. ಕೊನೆಯ ಮೀನೊಂದು ಮೂಲೆ ಸೇರಿ ಕೈಗೆ ಸಿಗದೆ ಸತಾಯಿಸುತ್ತಿತ್ತಂತೆ. ಜೀಪು ಹೋಯಿತಲ್ಲ ಎಂದು ವಾಲ್ವ್‌ನವನು ಎಂದಿನಂತೆ ತಿರುಗಿಸಿದ. ನೀರಿನ ಜೊತೆ ಬಂದ ವಿಷಗಾಳಿ ನಮ್ಮವರನ್ನು ಮೇಲೇಳಲು ಬಿಡಲಿಲ್ಲ. ಅವರಿಗಿಂತ ಮೊದಲು ಅವರ ಬಕೆಟ್ಟು ಮನೆಗೆ ಬಂತು. ಒಳಗೆ ಮೀನುಗಳು ಆರಾಮಾಗಿದ್ದವು. ಅಳುತ್ತಲೇ ಅವನ್ನು ಡ್ರಮ್ಮಿಗೆ ಸುರಿದೆ.

ಆಮೇಲೆ ಕೇಸಾಯಿತು, ಪತ್ರಿಕೆಯಲ್ಲಿ ಬಂತು, ಗೇಟಿಗೆ ಬೀಗ ಬಿತ್ತು. ಕಾರ್ಖಾನೆಯವರು ವರ್ಷಗಟ್ಟಲೆ ಆಗುವುದೇ ಇಲ್ಲ ಎನ್ನುತ್ತಿದ್ದ ಘಟಕ, ನನ್ನ ಮಗಳು ಅಪ್ಪ ಯಾವಾಗ ಬರುತ್ತಾರೆಂದು ಕೇಳುವುದನ್ನು ಬಿಡುವ ಮೊದಲೇ ಎದ್ದು ನಿಂತಿತು.

ಮ್ಯಾನೇಜರು ಬಂದುಹೋದ ಮರುದಿನ ಅದೇ ಬಕೆಟ್ಟಿನಲ್ಲಿ ಒಂದೇ ಒಂದು ಮೀನು ತೆಗೆದುಕೊಂಡು ಹೋದೆ. ಈ ಸಲ ನಲ್ಲಿ ನೀರಲ್ಲ, ಘಟಕದಿಂದಲೇ ಬಂದ ನೀರು. ಮೀನು ಬಿಟ್ಟು ತೊಟ್ಟಿಯ ಅಂಚಿನಲ್ಲಿ ಕುಳಿತೆ. ಅದು ಸಾಯಲಿ ಎಂದು ಬಯಸಿದೆ, ದೇವರಾಣೆಗೂ ಬಯಸಿದೆ. ಸತ್ತರೆ ಈ ನೀರನ್ನು ಸರಿಮಾಡುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಮೀನು ಒಂದು ಸುತ್ತು ಹಾಕಿತು, ಇನ್ನೊಂದು ಹಾಕಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

"ಇದನ್ನ ಮೊದ್ಲೇ ಮಾಡೋಕೆ ಆಗ್ತಿತ್ತಾ ಸರ್?" ಎಂದು ಕೇಳಿದೆ.

ಮ್ಯಾನೇಜರು ಮೀನಿನ ಮೇಲಿದ್ದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

"ಆಗ್ತಿತ್ತಮ್ಮ," ಎಂದರು.

ಬರಿ ಬಕೆಟ್ಟು ತೊಡೆಯ ಮೇಲಿಟ್ಟುಕೊಂಡು, ಅಷ್ಟು ಜನರ ನಡುವೆ, ನಾನು ಬಾಯಿಬಿಟ್ಟು ಅತ್ತೆ.